ಹಳೆ ಕಾರಿನ ರೇಡಿಯೊ ಕಿತ್ತೆಸೆಯುವ ಮುನ್ನ

ಮಾನ್ಯ ಸಂಪಾದಕರೇ,

ಹಳೆಯ ಸಣ್ಣ ಕಾರುಗಳನ್ನು ಪ್ರೀತಿಯಿಂದ ದುರಸ್ತಿ ಮಾಡುವವರು ಬಾಗಿಲಿನ ರಬ್ಬರಿಗೂ ಅಸಲಿ ಭಾಗವನ್ನೇ ಹುಡುಕುತ್ತಾರೆ. ರೇಡಿಯೊ ಸರದಿ ಬಂದಾಗ ಮಾತ್ರ ‘ಗೊರಗೊರ ಅನ್ನುತ್ತೆ, ಕೆಟ್ಟಿದೆ’ ಎಂದು ಕಿತ್ತು ಹಾಕುತ್ತಾರೆ. ಹೊಸದನ್ನು ಕೂರಿಸಲು ಡ್ಯಾಶ್‌ಬೋರ್ಡಿನ ತಗಡನ್ನು 182 ಮಿ.ಮೀ. ಅಗಲ, 53 ಮಿ.ಮೀ. ಎತ್ತರಕ್ಕೆ ಕತ್ತರಿಸುತ್ತಾರೆ. ಕತ್ತರಿಸಿದ ತಗಡು ಮತ್ತೆ ಕೂಡುವುದಿಲ್ಲ. ಗೊರಗೊರ ಸದ್ದಿನ ಮೂಲವಂತೂ ಹೆಚ್ಚಿನ ಸಲ ರೇಡಿಯೊದ ಹೊರಗೇ ಇರುತ್ತದೆ.

ಅದನ್ನು ಪತ್ತೆಹಚ್ಚಲು ಐದು ನಿಮಿಷ ಸಾಕು. ಎಂಜಿನ್ ಓಡುತ್ತಿರುವಾಗ ಏರಿಯಲ್ (ಆಂಟೆನಾ) ಪ್ಲಗ್ ಕಿತ್ತು ನೋಡಿ. ಸದ್ದು ನಿಂತರೆ ಅದು ಏರಿಯಲ್ ಮೂಲಕ ಬರುತ್ತಿದೆ, ನಿಲ್ಲದಿದ್ದರೆ ಕರೆಂಟಿನ ತಂತಿಯ ಮೂಲಕ. ನಂತರ ರೇಡಿಯೊಗೆ ಬ್ಯಾಟರಿಯಿಂದ ನೇರ ತಂತಿ ಕೊಟ್ಟು, ಕಾರು ನಿಂತಲ್ಲೇ ಎಂಜಿನ್ ವೇಗ ಏರಿಸಿ ಇಗ್ನಿಷನ್ ಆಫ್ ಮಾಡಿ. ಟಿಕ್‌ಟಿಕ್ ಸದ್ದು ತಕ್ಷಣ ನಿಂತರೆ ಇಗ್ನಿಷನ್, ಅಂದರೆ ಎಂಜಿನ್‌ಗೆ ಕಿಡಿ ಕೊಡುವ ವ್ಯವಸ್ಥೆ, ಕಾರಣ. ಕುಂಯ್ ಎನ್ನುವ ಸದ್ದು ಎಂಜಿನ್ ವೇಗದ ಜೊತೆಗೇ ಇಳಿಯುತ್ತಾ ಹೋದರೆ ಬ್ಯಾಟರಿ ಚಾರ್ಜ್ ಮಾಡುವ ಡೈನಮೊ ಕಾರಣ. ನಡುನಡುವೆ ಚಟಪಟ ಎಂದರೆ ಆ ಚಾರ್ಜನ್ನು ಹದದಲ್ಲಿಡುವ ವೋಲ್ಟೇಜ್ ರೆಗ್ಯುಲೇಟರಿನ ಕಾಂಟ್ಯಾಕ್ಟುಗಳು.

ಇಗ್ನಿಷನ್ ಸದ್ದಿಗೆ ಸ್ಪಾರ್ಕ್ ಪ್ಲಗ್ ಕ್ಯಾಪ್‌ಗಳು 5 ಕಿಲೊ ಓಮ್‌ನವು ಇರಲಿ. ಕಿಡಿಗೆ ಬೇಕಾದ ವೋಲ್ಟೇಜ್ ಹುಟ್ಟಿಸುವ ಕಾಯಿಲ್‌ಗೆ ಇಗ್ನಿಷನ್ ಸ್ವಿಚ್ಚಿನಿಂದ ತಂತಿ ಬರುವ ತುದಿಗೆ 1 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಿ, ಅದರ ಮೈಯನ್ನು ಕಾರಿನ ಬಾಡಿಗೆ (ಲೋಹದ ಹೊರಮೈಗೆ) ಬಿಗಿಯಿರಿ. ಅದೇ ಕೆಪಾಸಿಟರನ್ನು ಪಾಯಿಂಟ್ (ಕಿಡಿಗಾಗಿ ಕರೆಂಟ್ ಕಡಿಯುವ ಕಾಂಟ್ಯಾಕ್ಟ್) ಕಡೆಯ ತುದಿಗೆ ಹಾಕಿದರೆ ಕಿಡಿಯೇ ಬಡವಾಗಿ ಎಂಜಿನ್ ಮಿಸ್ ಹೊಡೆಯುತ್ತದೆ. ಡೈನಮೊದಲ್ಲೂ ಅಷ್ಟೇ ಎಚ್ಚರ ಬೇಕು. ಕೆಪಾಸಿಟರ್ ಸೇರಬೇಕಾದ್ದು ದಪ್ಪ ತಂತಿಯ ‘ಡಿ’ ಟರ್ಮಿನಲ್‌ಗೆ. ‘ಎಫ್’ ಟರ್ಮಿನಲ್‌ಗೆ ಹಾಕಿದರೆ ರೆಗ್ಯುಲೇಟರ್ ಕಾಂಟ್ಯಾಕ್ಟುಗಳು ಸುಟ್ಟುಹೋಗುತ್ತವೆ.

ಏರಿಯಲ್ ಬುಡದಲ್ಲಿ ಬಣ್ಣ ಮತ್ತು ತುಕ್ಕು ಕುಳಿತಿದ್ದರೆ ಇವಿಷ್ಟೂ ವ್ಯರ್ಥ. ಮಡ್‌ಗಾರ್ಡಿನ ಒಳಮೈಯನ್ನು ತಗಡು ಹೊಳೆಯುವಂತೆ ಉಜ್ಜಿ, ಹಲ್ಲಿನ ವಾಷರ್ ಕೂರಿಸಿ ಬಿಗಿದು, ಮೇಲೆ ಗ್ರೀಸ್ ಬಳಿಯಬೇಕು. ಎಂಜಿನ್‌ನಿಂದ ಬಾಡಿಗೆ ಹೋಗುವ ಹೆಣೆದ ಪಟ್ಟಿಯನ್ನೂ ಬಿಚ್ಚಿ ಸ್ವಚ್ಛ ಮಾಡಿ. ಬಾನೆಟ್‌ನಿಂದ ಬಾಡಿಗೂ ಅಂಥದ್ದೊಂದು ಪಟ್ಟಿ ಹಾಕಿದರೆ ಎಷ್ಟೋ ಸಲ ಉಳಿದ ಸದ್ದೂ ಅಡಗುತ್ತದೆ. ಕೊನೆಗೆ ಏರಿಯಲ್ ಪೂರ್ತಿ ಎಳೆದು, ಮೀಡಿಯಂ ವೇವ್‌ನಲ್ಲಿ 1,400 ಕಿಲೊಹರ್ಟ್ಸ್ ಆಸುಪಾಸಿನ ಕ್ಷೀಣ ಕೇಂದ್ರವೊಂದನ್ನು ಹಿಡಿದು, ರೇಡಿಯೊವನ್ನು ಏರಿಯಲ್‌ಗೆ ಹೊಂದಿಸುವ ಟ್ರಿಮ್ಮರ್ ಸ್ಕ್ರೂವನ್ನು ಸದ್ದು ಅತಿ ಜೋರಾಗುವ ಜಾಗಕ್ಕೆ ತಿರುಗಿಸಿ. ಈ ಸ್ಕ್ರೂ ಮುಟ್ಟದೆಯೇ ‘ಸ್ಟೇಷನ್ ಹಿಡಿಯಲ್ಲ’ ಎಂದು ದೂರುವವರೇ ಜಾಸ್ತಿ.

ಅತಿ ಹೆಚ್ಚು ರೇಡಿಯೊಗಳು ಬಲಿಯಾಗುವುದು ಪೋಲಾರಿಟಿ, ಅಂದರೆ ಪಾಸಿಟಿವ್-ನೆಗೆಟಿವ್ ಜೋಡಣೆ, ತಪ್ಪಿದಾಗ. ಮಾರಿಸ್ ಮೈನರ್, 1959ರಲ್ಲಿ ಬಂದ ಮಿನಿ ಮುಂತಾದ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಸೇರಿರುತ್ತಿತ್ತು. ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ ಬಾಡಿಗೆ ನೆಗೆಟಿವ್, ಆದರೆ 1960ರ ದಶಕದ ಆರಂಭದ ಕಾರುಗಳಲ್ಲಿ ಇದ್ದದ್ದು 6 ವೋಲ್ಟ್. ನಡುವೆ ಯಾರೋ ಬದಲಿಸಿರಬಹುದಾದ್ದರಿಂದ ಕೈಪಿಡಿಯನ್ನು ನಂಬಬೇಡಿ, ಮೀಟರ್ ಇಟ್ಟೇ ನೋಡಿ. ಜರ್ಮೇನಿಯಂ ಟ್ರಾನ್ಸಿಸ್ಟರ್ ಸೆಟ್ಟಿಗೆ ಉಲ್ಟಾ ಕರೆಂಟ್ ಕೊಟ್ಟರೆ ಔಟ್‌ಪುಟ್ ಟ್ರಾನ್ಸಿಸ್ಟರ್ ಕ್ಷಣಗಳಲ್ಲಿ ಸಾಯುತ್ತದೆ. ಎಷ್ಟೋ ಸೆಟ್ಟುಗಳ ಹಿಂಬದಿಯಲ್ಲಿ ಪೋಲಾರಿಟಿ ಬದಲಿಸುವ ಪುಟ್ಟ ಪ್ಲಗ್ ಇರುತ್ತದೆ, ಮೊದಲು ಅದನ್ನು ಹುಡುಕಿ.

ಪಾಸಿಟಿವ್ ಅರ್ತಿಂಗ್ (ಪಾಸಿಟಿವ್ ತುದಿ ಬಾಡಿಗೆ ಸೇರಿರುವ) ಕಾರಿಗೆ ಹೊಸ ರೇಡಿಯೊ ಹಾಕಿದರೆ ಅಪಾಯ ಇನ್ನೂ ದೊಡ್ಡದು. ಅದರ ಲೋಹದ ಪೆಟ್ಟಿಗೆ ಮತ್ತು ಏರಿಯಲ್ ತಂತಿಯ ಹೊರಜಾಲ ಎರಡೂ ನೆಗೆಟಿವ್. ಡ್ಯಾಶ್‌ಬೋರ್ಡಿಗೆ ತಾಗಿದೊಡನೆ ನೇರ ಶಾರ್ಟ್. ಪ್ಲಾಸ್ಟಿಕ್ ಸುತ್ತಿ ಕೂರಿಸುವ ಉಪಾಯ ಒಂದು ಸ್ಕ್ರೂ ಜಾರುವವರೆಗೆ ಮಾತ್ರ. ಒಳಬರುವ ಮತ್ತು ಹೊರಹೋಗುವ ತಂತಿಗಳ ನಡುವೆ ನೇರ ವಿದ್ಯುತ್ ಸಂಪರ್ಕವೇ ಇಲ್ಲದ ಐಸೊಲೇಟೆಡ್ ಕನ್ವರ್ಟರ್ ಹಾಕುವುದು ಸರಿಯಾದ ದಾರಿ. ಇಲ್ಲವೇ ಇಡೀ ಕಾರನ್ನೇ ನೆಗೆಟಿವ್ ಅರ್ತಿಂಗ್‌ಗೆ ಬದಲಿಸಬೇಕು. ಅದಕ್ಕೆ ಬ್ಯಾಟರಿ ತಿರುಗಿಸಿದರಷ್ಟೇ ಸಾಲದು. ಕಾಯಿಲ್‌ನ ಎರಡು ಸಣ್ಣ ತಂತಿಗಳನ್ನೂ ಆಮೀಟರ್ ತಂತಿಗಳನ್ನೂ ಅದಲುಬದಲು ಮಾಡಬೇಕು. ಎಂಜಿನ್ ನಿಂತಿರುವಾಗ ಡೈನಮೊದ ‘ಎಫ್’ ತಂತಿ ಬಿಚ್ಚಿ, ಬ್ಯಾಟರಿ ಪಾಸಿಟಿವ್‌ನಿಂದ ಒಂದು ತಂತಿ ತಂದು ಆ ಟರ್ಮಿನಲ್‌ಗೆ ಎರಡು ಮೂರು ಸಲ ಕ್ಷಣಮಾತ್ರ ಮುಟ್ಟಿಸಬೇಕು. ಈ ಹೆಜ್ಜೆ ಬಿಟ್ಟರೆ ಡೈನಮೊ ಉಲ್ಟಾ ಚಾರ್ಜ್ ಮಾಡಲು ಹೊರಡುತ್ತದೆ.

ಹೊಸ ರೇಡಿಯೊದಲ್ಲಿ ಸ್ಪೀಕರಿನ ಎರಡೂ ತಂತಿ ಬಾಡಿಯಿಂದ ದೂರವಿರಬೇಕು. ಹಳೆ ಕಾರಿನಲ್ಲಿ ಒಂದು ತುದಿ ಬಾಡಿಗೆ ಸೇರಿದ್ದರೆ ಆಂಪ್ಲಿಫೈಯರ್ ಸುಡುತ್ತದೆ. ಹೊಸ ರೇಡಿಯೊ ಸ್ಟೇಷನ್‌ಗಳನ್ನು ನೆನಪಿಡಲೆಂದು ಸದಾ ಕರೆಂಟ್ ಎಳೆಯುವ ತಂತಿಗೆ ಸ್ವಿಚ್ ಹಾಕಿ: 10 ಮಿಲಿಆಂಪಿಯರ್ ಎಳೆದರೂ ನಿಂತ ಕಾರಿನಲ್ಲಿ ತಿಂಗಳಿಗೆ 7 ಆಂಪಿಯರ್-ಅವರ್ ಖಾಲಿ.

ಇಷ್ಟಾದರೂ ಹಳೆ ಸೆಟ್ ಮಾತಾಡದಿದ್ದರೆ ಆಗ ಮುಚ್ಚಳ ತೆಗೆಯಿರಿ. ಹಮ್ (ಗುಂಯ್ ಎನ್ನುವ ಸದ್ದು) ಬಂದರೆ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳು ಒಣಗಿವೆ. ವಾಲ್ವ್ (ಗಾಜಿನ ಕೊಳವೆ) ಸೆಟ್ಟಿನಲ್ಲಿ, ವೋಲ್ಟೇಜ್ ಏರಿಸಲೆಂದು ಬ್ಯಾಟರಿ ಕರೆಂಟನ್ನು ಕಡಿಯುವ ವೈಬ್ರೇಟರಿನ ಝೇಂಕಾರ ಕೇಳದಿದ್ದರೆ ಅದರ ಕಾಂಟ್ಯಾಕ್ಟ್ ಕಚ್ಚಿಕೊಂಡಿದೆ, ಇಲ್ಲವೇ ಮಾಸಿದೆ. ಎಎಫ್117 ಟ್ರಾನ್ಸಿಸ್ಟರ್ ಇದ್ದರೆ ಮೊದಲ ಅನುಮಾನ ಅದರ ಮೇಲಿರಲಿ. ಅದರ ಲೋಹದ ಡಬ್ಬಿಯೊಳಗೆ ಕೂದಲಿನಂಥ ಲೋಹದ ಎಳೆಗಳು ಬೆಳೆದು ಕಾಲುಗಳನ್ನು ಡಬ್ಬಿಗೆ ಶಾರ್ಟ್ ಮಾಡಿರುತ್ತವೆ. ನಾಲ್ಕು ಕಾಲುಗಳಲ್ಲಿ ಡಬ್ಬಿಗೆ ಸೇರಿದ ಕಾಲನ್ನು ಕತ್ತರಿಸಿದರೆ ಹೆಚ್ಚಿನ ಸಲ ಸೆಟ್ ಮತ್ತೆ ಹಾಡುತ್ತದೆ.

ಇತಿ,
ಹಳೆ ಕಾರ್ ರೇಡಿಯೊಗಳ ದುರಸ್ತಿಯಲ್ಲಿ ಆಸಕ್ತರು