ಅದು ಗುಲಾಬಿಯಲ್ಲ, ಒಣಗಿಸಿದ್ದೂ ಅಲ್ಲ

ಮಾನ್ಯರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಹಳೆಯ ಫ್ರೆಂಚ್ ಪೇಪರ್‌ವೇಟ್‌ಗಳ ಬಗ್ಗೆ ಅರ್ಧ ಪುಟದ ಬರಹ ಬಂದಿತ್ತು. ಕನ್ನಡ ಪತ್ರಿಕೆಯೊಂದು ಈ ವಿಷಯಕ್ಕೆ ಅಷ್ಟು ಜಾಗ ಕೊಟ್ಟಿದ್ದೇ ನನಗೆ ಹಬ್ಬ. ಆದರೆ ಚಿತ್ರದ ಕೆಳಗೆ ‘ಗಾಜಿನಲ್ಲಿ ಹುದುಗಿಸಿದ ಒಣ ಗುಲಾಬಿ’ ಎಂದು ಅಚ್ಚಾಗಿದೆ. ಅದು ಗುಲಾಬಿಯೂ ಅಲ್ಲ, ಒಣಗಿಸಿದ್ದೂ ಅಲ್ಲ. ಅಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆನೋ ಏನೋ. ಕೊನೆಯಲ್ಲಿ ‘ಗೀರು ಬಿದ್ದಿದ್ದರೆ ಪಾಲಿಶ್ ಮಾಡಿಸಿ, ಕಿಟಕಿಯ ಬಿಸಿಲಿಗೆ ಇಡಿ’ ಎಂಬ ಸಲಹೆ ಕೊಟ್ಟಿದ್ದೀರಲ್ಲ, ಅದನ್ನು ಓದಿ ಪೆನ್ನು ಹಿಡಿಯಲೇಬೇಕಾಯಿತು.

ನಾನು ಉಪನೋಂದಣಿ ಕಚೇರಿಯಲ್ಲಿ 31 ವರ್ಷ ಗುಮಾಸ್ತನಾಗಿದ್ದವನು. ಮೇಲೆ ಫ್ಯಾನು, ಕೆಳಗೆ ಕ್ರಯಪತ್ರ, ಅದರ ಮೇಲೊಂದು ಗುಳ್ಳೆಗುಳ್ಳೆಯ ಗಾಜಿನ ಗುಂಡು. ಪೇಪರ್‌ವೇಟ್ ಎಂದರೆ ಇಷ್ಟೇ ಎಂದುಕೊಂಡಿದ್ದೆ. ನಿವೃತ್ತಿಯಾದ ಮೇಲೆ ಮಗಳ ಬಾಣಂತನಕ್ಕೆಂದು ನಾವಿಬ್ಬರೂ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ಗೆ ಹೋದೆವು. ಬಾಣಂತಿ ಮನೆಯಲ್ಲಿ ಗಂಡಸಿಗೇನು ಕೆಲಸ? ಹೆಂಡತಿಗೂ ಸ್ವಲ್ಪ ಗಾಳಿ ಬೇಕಿತ್ತು. ಒಂದು ಭಾನುವಾರ ಅಳಿಯಂದಿರು ನಮ್ಮಿಬ್ಬರನ್ನೂ ಹಳೇ ಸಾಮಾನಿನ ಸಂತೆಗೆ ಕರೆದೊಯ್ದರು. ತುಕ್ಕು ಹಿಡಿದ ಬೀಗ, ಜೋಡಿ ತಪ್ಪಿದ ಚಮಚಗಳ ನಡುವೆ, ಮೂಸಂಬಿಯನ್ನು ಅರ್ಧಕ್ಕೆ ಕುಯ್ದು ಬೋರಲು ಹಾಕಿದಂತೆ ಒಂದು ಗಾಜು ಕೂತಿತ್ತು. ಒಳಗೊಂದು ಹೂವು. ಮೇಲಿನ ಎರಡು ಎಸಳು ಗಾಢ ನೇರಳೆ, ಕೆಳಗಿನ ಮೂರು ಹಳದಿ, ಅವುಗಳ ಅಂಚಿಗೂ ನೇರಳೆ. ಹಸಿರು ದಂಟು, ನಾಲ್ಕಾರು ಎಲೆ, ಪಕ್ಕದಲ್ಲೊಂದು ಮೊಗ್ಗು. ತಿರುಗಿಸಿ ನೋಡಿದರೆ ತಳದಲ್ಲಿ ನಕ್ಷತ್ರದ ಕೆತ್ತನೆ. ಬದಿಯಲ್ಲಿ ಉಗುರಿನಗಲ ಚಕ್ಕೆ ಎದ್ದಿತ್ತು, ಅದಕ್ಕೇ ಅಗ್ಗ: 140 ಯೂರೋ ಹೇಳಿದವನು 110ಕ್ಕೆ ಇಳಿದ. ಹೆಂಡತಿ ಮನಸ್ಸಿನಲ್ಲೇ ರೂಪಾಯಿ ಲೆಕ್ಕ ಹಾಕಿದಳು. ಟ್ರ್ಯಾಮ್ ಇಳಿದು ಮನೆ ಮುಟ್ಟುವವರೆಗೂ ನನ್ನ ಜೊತೆ ಮಾತಿಲ್ಲ.

ನೀವು ಹಾಕಿರುವ ಚಿತ್ರದಲ್ಲಿರುವುದೂ ಇದೇ ಹೂವು, ಪ್ಯಾನ್ಸಿ. ಲೊರೇನ್ ಸೀಮೆಯ ಬಕರಾ ಕಾರ್ಖಾನೆಯವರಿಗೆ ಅತಿ ಪ್ರಿಯವಾದದ್ದು. ಫ್ರೆಂಚರು ಅದನ್ನು ‘ಪಾಂಸೆ’ ಎನ್ನುತ್ತಾರೆ. ಆ ಮಾತಿಗೆ ಹೂವು, ಯೋಚನೆ ಎರಡೂ ಅರ್ಥ. ಕಾಗದ ಬರೆಯುವ ಮೇಜಿಗೆ ಇದಕ್ಕಿಂತ ಒಪ್ಪುವ ಹೂವು ಯಾವುದು!

ನಿಜವಾದ ಹೂವಾಗಿದ್ದರೆ ಕರಗಿದ ಗಾಜು ಸೋಕಿದ ಕೂಡಲೇ ಬೂದಿಯಾಗುತ್ತಿತ್ತು. ಒಳಗಿರುವುದೂ ಗಾಜೇ. ಬಣ್ಣಬಣ್ಣದ ಗಾಜಿನ ಕಡ್ಡಿಗಳನ್ನು ದೀಪದ ಉರಿಯಲ್ಲಿ ಮೆದುವಾಗಿಸಿ, ಚಿಮಟದಲ್ಲಿ ಒಂದೊಂದೇ ಎಸಳು, ಒಂದೊಂದೇ ಎಲೆ ತಿದ್ದಿ, ಸಣ್ಣ ಅಚ್ಚಿನಲ್ಲಿ ಜೋಡಿಸಿ ಕಾಯಿಸುತ್ತಾರೆ. ಕೊಳವೆಯ ತುದಿಯಲ್ಲಿ ತೆಗೆದ ಕೆಂಡದಂಥ ಗಾಜಿನ ಮುದ್ದೆಯನ್ನು ಅದರ ಮೇಲೆ ಒತ್ತಿ ಹೂವನ್ನು ಎತ್ತಿಕೊಳ್ಳಬೇಕು. ಮೇಲೆ ಮತ್ತೆ ತಿಳಿಗಾಜು ಸುತ್ತಿ, ನೀರಲ್ಲಿ ನೆನೆಸಿದ ಮರದ ಅಚ್ಚಿನಲ್ಲಿ ಉರುಳಿಸಿ ಗುಮ್ಮಟ ಮಾಡಿ, ನಿಧಾನಕ್ಕೆ ಆರಿಸಬೇಕು. ಬಣ್ಣದ ಗಾಜೂ ತಿಳಿಗಾಜೂ ಆರುವಾಗ ಒಂದೇ ಅಳತೆಯಲ್ಲಿ ಕುಗ್ಗದಿದ್ದರೆ ಎಲ್ಲಾ ಬಿರುಕು. ನನ್ನ ಪ್ಯಾನ್ಸಿಯ ಒಂದು ಎಲೆಯಡಿ ಸಾಸಿವೆಯಷ್ಟು ಗಾಳಿಗುಳ್ಳೆ ಸಿಕ್ಕಿಕೊಂಡಿದೆ. ಎತ್ತಿಕೊಳ್ಳುವಾಗ ಆ ಮನುಷ್ಯನ ಕೈ ಕೂದಲೆಳೆಯಷ್ಟು ಓರೆಯಾಗಿರಬೇಕು. ನನಗೆ ಹೂವಿಗಿಂತ ಅದರ ಮೇಲೇ ಪ್ರೀತಿ.

ಗುಲಾಬಿ ಬೇರೆಯೇ ಇದೆ. ಅದಕ್ಕೆ ಹೆಸರಾದದ್ದು ಪ್ಯಾರಿಸ್ ಪಕ್ಕದ ಕ್ಲಿಷಿ ಕಾರ್ಖಾನೆ. ನಮ್ಮ ಕಡೆ ಪತ್ರೊಡೆಯ ಸುರುಳಿಯನ್ನು ಬಿಲ್ಲೆ ಬಿಲ್ಲೆ ಕತ್ತರಿಸುತ್ತಾರಲ್ಲ, ಹಾಗೆ. ದಪ್ಪ ಗಾಜಿನ ಕಂಬಿಯೊಳಗೇ ಹೂವಿನ ವಿನ್ಯಾಸ ಕಟ್ಟಿ, ಬಿಸಿಯಿರುವಾಗಲೇ ಮಾರುಗಟ್ಟಲೆ ಎಳೆದು, ಸಣ್ಣ ಕಡ್ಡಿಯಾದ ಮೇಲೆ ತುಂಡರಿಸುತ್ತಾರೆ. ಪ್ರತಿ ಬಿಲ್ಲೆಯಲ್ಲೂ ಅದೇ ಹೂವು.

ಈ ಬಿಲ್ಲೆಗಳ ನಡುವೆ ಕೆಲವೊಮ್ಮೆ ಇಸವಿಯೂ ಇರುತ್ತದೆ. ನೋಂದಣಿ ಕಚೇರಿಯವನಿಗೆ ಇಸವಿ ಕಂಡರೆ ಬಾಯಲ್ಲಿ ನೀರು. 1845ರಲ್ಲಿ ವೆನಿಸ್ಸಿನ ಗಾಜು ತಯಾರಕ ಪಿಯೆತ್ರೊ ಬಿಗಾಲ್ಯಾ ವಿಯೆನ್ನಾದ ಪ್ರದರ್ಶನಕ್ಕೆ ಇಂಥ ಪೇಪರ್‌ವೇಟ್‌ಗಳನ್ನು ತಂದಿದ್ದ. ಅದೇ 1845 ಫ್ರಾನ್ಸಿನ ಇನ್ನೊಂದು ಗಾಜಿನ ಕಾರ್ಖಾನೆಯಾದ ಸೇಂಟ್ ಲೂಯಿಯ ತುಂಡುಗಳಲ್ಲಿ ಕಾಣುತ್ತದೆ, ಬಕರಾದ್ದರಲ್ಲಿ ‘ಬಿ’ ಅಕ್ಷರದ ಜೊತೆ 1846ರಿಂದ 1849. ಆಮೇಲೆ 1951ರಲ್ಲಿ, ಯುದ್ಧದ ಬಾಂಬಿಗೆ ಬಿದ್ದಿದ್ದ ಬಕರಾ ಊರಿನ ಚರ್ಚಿನ ಅಡಿಪಾಯದಲ್ಲಿ 1853 ಎಂದಿರುವ ಒಂದು ಸಿಕ್ಕಿತು! ಮೂಲ ದಸ್ತಾವೇಜೇ ಸಿಕ್ಕಿದಂತೆ. 1860ರ ಹೊತ್ತಿಗೆ ಈ ಹುಚ್ಚು ಇಳಿದಿತ್ತು. ಸೇಂಟ್ ಲೂಯಿಯ ಮ್ಯೂಸಿಯಂ ಸ್ಟ್ರಾಸ್‌ಬರ್ಗ್‌ನಿಂದ ಕಾರಿನಲ್ಲಿ ಸುಮಾರು ಒಂದು ಗಂಟೆ, ಕಾಡಿನ ನಡುವಿನ ಹಳ್ಳಿ. ಆ ಕಡೆ ಹೋದವರು ತಪ್ಪಿಸಬೇಡಿ.

ಈಗ ನನ್ನಲ್ಲಿ ಐದಿವೆ, ಒಂದು ನಕಲಿ. ‘ಹಳೇ ಬಕರಾ’ ಎಂದು ಇಂಟರ್‌ನೆಟ್‌ನಲ್ಲಿ ನೋಡಿ ತರಿಸಿಕೊಂಡೆ; ಬಕ್ರಾ ಆದವನು ನಾನು. ಕೈಗೆತ್ತಿಕೊಂಡ ಕೂಡಲೇ ಹಗುರ ಎನ್ನಿಸಿತು. ಸೀಸ ಬೆರೆತ ಗಾಜಿಗೆ ಒಂದು ಗತ್ತಿನ ಭಾರ ಇರುತ್ತದೆ. ಇದರ ಮೈಯೋ ಎಣ್ಣೆ ಸವರಿದಂತೆ ಮಬ್ಬು. 1930ರ ದಶಕದಿಂದ ಚೀನಾದಲ್ಲಿ ಇಂಥ ನಕಲು ತಯಾರಾಗುತ್ತಿದ್ದವು ಎಂದು ಆಮೇಲೆ ಓದಿದೆ. ಅದು ಈಗ ಕರೆಂಟ್ ಬಿಲ್ಲಿನ ಮೇಲೆ ಕೂತಿದೆ.

ಇನ್ನು ಪಾಲಿಶ್. ಕೈ ಪಳಗಿದವರು ತೆಳುವಾಗಿ ಉಜ್ಜುವುದನ್ನು ಕೆಲವು ಸಂಗ್ರಾಹಕರು ಒಪ್ಪುತ್ತಾರೆ, ಸರಿ. ಆದರೆ ನಿಮ್ಮ ಓದುಗರು ಗ್ರಾನೈಟ್ ಉಜ್ಜುವವರ ಹತ್ತಿರ ಕೊಂಡೊಯ್ದರೆ ಗುಮ್ಮಟ ಸವೆದು ಹೂವು ಮೈಗೆ ಬಂದುಬಿಡುತ್ತದೆ. ಆ ಗುಮ್ಮಟವೇ ಭೂತಗನ್ನಡಿ. ಹೂವು ಎಸಳು ತುಂಬಿ ಅರಳಿದಂತೆ ಕಾಣುವುದು ಅದರಿಂದಲೇ.

ಭೂತಗನ್ನಡಿ ಎಂದೆ. ಹೋದ ಮಾರ್ಚಿನಲ್ಲಿ ಪ್ಯಾನ್ಸಿಯನ್ನು ಪಡುವಣ ಕಿಟಕಿಯ ಮೇಜಿನ ಮೇಲಿಟ್ಟು ಮಧ್ಯಾಹ್ನ ಮಲಗಿದ್ದೆ. ನಾಲ್ಕೂವರೆಗೆ ಸುಟ್ಟ ವಾಸನೆ. ಹಾಲು ಉಕ್ಕಿತೇನೋ ಎಂದು ಹೆಂಡತಿ ಅಡುಗೆಮನೆಗೆ ಓಡಿದಳು. ಹೊಗೆ ಏಳುತ್ತಿದ್ದದ್ದು ಮೇಜಿನ ಮೇಲಿದ್ದ ಪಂಚಾಂಗದಿಂದ. ಓರೆ ಬಿಸಿಲು ಗಾಜಿನೊಳಗೆ ಹಾದು ಅದರ ಮೇಲೆ ಬಿದ್ದು, ನಾಲ್ಕಾಣೆ ಅಗಲದ ತೂತು ಕೊರೆದಿತ್ತು. ನಾಲ್ಕು ಹಾಳೆ ದಾಟಿತ್ತು. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಏನಾಗುತ್ತಿತ್ತೋ. ಮೊಮ್ಮಗನ ಹುಟ್ಟುಹಬ್ಬದ ತಿಥಿ ನೋಡಲು ಪಕ್ಕದ ಮನೆಗೆ ಹೋಗಬೇಕಾಯಿತು.

ಮುಂದಿನ ಭಾನುವಾರ ಒಂದು ತಿದ್ದುಪಡಿ ಹಾಕಿ. ಹೂವಿನ ಹೆಸರು ಸಣ್ಣಕ್ಷರದಲ್ಲಿದ್ದರೂ ನಡೆದೀತು. ಬಿಸಿಲಿನ ಮಾತು ಮಾತ್ರ ದಪ್ಪಕ್ಷರದಲ್ಲಿರಲಿ.

ಇಂತಿ,
ನಿವೃತ್ತ ಗುಮಾಸ್ತ, ಶಿವಮೊಗ್ಗ