ಕಳೆ, ಕೊಳೆ ಮತ್ತು ನಿನ್ನ ಶೀತ

ತೀರ್ಥಹಳ್ಳಿ

ಪ್ರೀತಿಯ ಪುಟ್ಟಿ,

ಫೋನಿನಲ್ಲಿ ಬೈದದ್ದು ಜಾಸ್ತಿಯಾಯಿತು ಅಂತ ನಿನ್ನ ಅಪ್ಪ ಹೇಳಿದರು. ಇರಬಹುದು. ಆದರೆ ಶೀತಕ್ಕೆ ಯಾರೋ ಉಳಿಸಿಟ್ಟಿದ್ದ ಆ್ಯಂಟಿಬಯೋಟಿಕ್ ನುಂಗಿದೆ ಎಂದರೆ ಸುಮ್ನೆ ಇರಲಿಕ್ಕೆ ಆಗುತ್ತದಾ? ಶೀತ ಬರುವುದು ವೈರಸ್ಸಿನಿಂದ. ಆ ಮಾತ್ರೆ ಇರುವುದು ಬ್ಯಾಕ್ಟೀರಿಯಾಕ್ಕೆ.

"ಎರಡು ಮಾತ್ರೆಗೆ ದೇಹಕ್ಕೆ ಅಭ್ಯಾಸ ಆಗಿಬಿಡುತ್ತಾ ಅಮ್ಮಾ?" ಅಂದೆಯಲ್ಲ, ಎಡವಿದ್ದು ಅಲ್ಲೇ. ಅಭ್ಯಾಸ ಆಗುವುದು ದೇಹಕ್ಕಲ್ಲ. ನಿಜ ಹೇಳಬೇಕೆಂದರೆ ಯಾರಿಗೂ ಅಲ್ಲ.

ಮದುವೆಯಾದ ಹೊಸತರಲ್ಲಿ ನಿನ್ನ ಅಜ್ಜಿಯ ಜೊತೆ ಗದ್ದೆಗೆ ಕಳೆ ಕೀಳಲು ಇಳಿದಿದ್ದೆ. ಬಿಎಸ್ಸಿ ಓದಿದವಳು ಎಂಬ ಜಂಬ ಬೇರೆ. ಒಂದು ಹುಲ್ಲು ಥೇಟ್ ಭತ್ತದ ಸಸಿಯ ಹಾಗೇ ಇತ್ತು. ನಾನು ಭತ್ತವನ್ನೇ ಕಿತ್ತು ಹುಲ್ಲನ್ನು ಬಿಟ್ಟೆ! ಅಜ್ಜಿ ಎಲೆ ಬಗ್ಗಿಸಿ ತೋರಿಸಿದರು. ಎಲೆ ಕಾಂಡಕ್ಕೆ ಸೇರುವಲ್ಲಿ ಭತ್ತಕ್ಕೆ ತೆಳು ಪೊರೆಯಂಥ ನಾಲಗೆ ಇರುತ್ತದೆ, ಆ ಹುಲ್ಲಿಗೆ ಇರುವುದಿಲ್ಲ. ಹುಲ್ಲೇನು ವೇಷ ಹಾಕುವುದನ್ನು ಕಲಿತದ್ದಲ್ಲ. ತಲೆತಲಾಂತರದಿಂದ ಜನ ಬೇರೆಯಾಗಿ ಕಂಡದ್ದನ್ನೆಲ್ಲ ಕಿತ್ತರು. ಕಣ್ತಪ್ಪಿ ಉಳಿದದ್ದು ಬೀಜ ಉದುರಿಸಿತು. ಅದನ್ನು ಭತ್ತದಂತೆ ಮಾಡಿದ್ದು ನಮ್ಮ ಕೈಯೇ.

ನಿನ್ನ ಹೊಟ್ಟೆಯೊಳಗೂ ಅದೇ ಕಥೆ. ಅಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ. ಮಾತ್ರೆಗೆ ಬಗ್ಗುವವು ಸಾಯುತ್ತವೆ, ಬಗ್ಗದವು ಉಳಿದು ಹೆಚ್ಚುತ್ತವೆ. ಆ ಗುಣವನ್ನು ಪಕ್ಕದವಕ್ಕೂ ದಾಟಿಸಬಲ್ಲವು, ಕಿಲಾಡಿಗಳು. ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರಲ್ಲೇ ಈ ಎಚ್ಚರಿಕೆ ಕೊಟ್ಟಿದ್ದರು.

ಈ ಸಲ ಅಡಿಕೆಯ ಕೊಳೆರೋಗಕ್ಕೂ ಇದೇ ಜಗಳ. ಮೈಲುತುತ್ತದ (ತಾಮ್ರದ ಸಲ್ಫೇಟ್) ರೇಟ್ ನೋಡಿ ನಿನ್ನ ಅಪ್ಪ ಮೆಟಲಾಕ್ಸಿಲ್ ಅನ್ನುವ ಇನ್ನೊಂದು ಔಷಧಿಯೊಂದನ್ನೇ ಹೊಡೆಸೋಣ ಅಂದರು. ನಾನು ಬೇಡವೆಂದೆ. ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ರೋಗಾಣುವಿಗೆ ಹತ್ತು ಕಡೆ ಹೊಡೆಯುತ್ತದೆ. ಮೆಟಲಾಕ್ಸಿಲ್ ಒಂದೇ ಕಡೆ, ಅದಕ್ಕೇ ರೋಗಾಣು ತಪ್ಪಿಸಿಕೊಳ್ಳುವುದು ಸುಲಭ. ಕೊಳೆರೋಗಾಣುವಿನ ನೆಂಟನೊಂದು ಆಲೂಗಡ್ಡೆಯನ್ನು ಹಾಳುಮಾಡುತ್ತದೆ. ಐರ್ಲೆಂಡ್, ಹಾಲೆಂಡಿನಲ್ಲಿ 1980ಕ್ಕೇ ಅದು ಮೆಟಲಾಕ್ಸಿಲ್‌ಗೆ ಬಗ್ಗದೆ ಹೋಯಿತು. ಔಷಧಿ ಮಾರುಕಟ್ಟೆಗೆ ಬಂದು ಮೂರ್ನಾಲ್ಕು ವರ್ಷ ಆಗಿತ್ತಷ್ಟೆ. ಕೊನೆಗೆ ಬೋರ್ಡೋನೇ ಆಯಿತು. ನೂರು ಲೀಟರ್ ನೀರಿಗೆ ಒಂದು ಕೇಜಿ ಮೈಲುತುತ್ತ, ಒಂದು ಕೇಜಿ ಸುಣ್ಣ. ಅಪ್ಪನ ಲುಂಗಿಯೆಲ್ಲ ನೀಲಿ.

ಬಸ್ಸಿಗೆ ಕಷಾಯದ ಪುಡಿ ಕೊಟ್ಟು ಕಳಿಸಿದ್ದೇನೆ. ಅದೂ ವೈರಸ್ ಕೊಲ್ಲುವುದಿಲ್ಲ, ಗಂಟಲಿಗೆ ಹಿತ ಅಷ್ಟೆ. ಜ್ವರ ಮೂರು ದಿನ ಬಿಡದಿದ್ದರೆ ಡಾಕ್ಟರಿಗೆ ತೋರಿಸು.

ನಿನ್ನ
ಅಮ್ಮ