ರವಿವಾರದ ಸಿನಿಮಾ: ಮುಖವಾಡದ ಹಿಂದ ಯಾರದಾರ?

ಎಲ್ಲರಿಗೂ ಶರಣು. ರವಿವಾರ ಸಂಜಿ 6ಕ್ಕ ಕಲಬುರಗಿ ಅಪ್ಪನ ಕೆರಿ ಹತ್ರದ ನಮ್ಮ ಮನ್ಯಾಗ 'ಐಸ್ ವೈಡ್ ಶಟ್' (1999) ನೋಡೂಣು. ದೊಡ್ಡವರಿಗಷ್ಟೇ, ಮಕ್ಕಳನ್ನ ಕರ್ಕೊಂಡು ಬರಬ್ಯಾಡ್ರಿ.

ಇದರ ನಿರ್ದೇಶಕ ಕುಬ್ರಿಕ್ ಬಿಡುಗಡೆಗೂ ಮೊದಲೇ ತೀರಿಕೊಂಡರು, ಅದಕ್ಕ ನೂರೆಂಟು ಗುಮಾನಿ ಹಬ್ಯಾವ. ಅಂಥ ಫಾರ್ವರ್ಡ್ ಇಲ್ಲಿ ಹಾಕಬ್ಯಾಡ್ರಿ. ಮೂಲ ಕಥಿ ಆಸ್ಟ್ರಿಯಾದ ಲೇಖಕ ಶ್ನಿಟ್ಸ್‌ಲರ್ ಬರದದ್ದು, 1926ರದ್ದು.

ಕಥಾನಾಯಕ ಡಾಕ್ಟರ್ ಬಿಲ್ ಮ್ಯಾಲೆ ಕಣ್ಣಿಡ್ರಿ. ರಾತ್ರಿ ಎಲ್ಲಿ ಹೋದರೂ ತನ್ನ ಕಾರ್ಡು, ರೊಕ್ಕ ತೋರಿಸಿ ಬಾಗಿಲು ತೆರಸ್ತಾನ. ಆ ರಾತ್ರಿ ಶ್ರೀಮಂತರ ಬಂಗಲೆಯೊಳಗ ನಡಿಯೋ ಮುಖವಾಡದವರ ಗುಪ್ತ ಕೂಟಕ್ಕೂ ಹೋಗ್ತಾನ. ಮರುದಿನ ಅದೇ ಬಂಗಲೆ ಗೇಟಿಗೆ ಹೋದರ ಎರಡೂ ನಡಿಯಂಗಿಲ್ಲ. ಎಚ್ಚರಿಕಿ ಚೀಟಿ ಒಂದು ಕೈಗೆ ಬರ್ತದ, ಅಷ್ಟೇ. ನನಗ ಖರೇ ಹೆದರಿಕಿ ಬಂದದ್ದು ಮುಖವಾಡಕ್ಕಲ್ಲ, ಆ ಗೇಟಿಗೆ. ಆ ಕೂಟದೊಳಗ ಹೋಗೋ ಗುಪ್ತ ಮಾತು 'ಫಿಡೆಲಿಯೊ': ಗಂಡನ್ನ ಜೇಲಿನಿಂದ ಬಿಡಿಸೋ ಹೆಂಡತಿಯ ಬಗ್ಗೆ ಬೀಥೋವನ್ ಮಾಡಿದ ಸಂಗೀತ ನಾಟಕದ ಹೆಸರು!

ಬರೋರು ಶನಿವಾರದೊಳಗ ಹೆಸರು ಹಾಕ್ರಿ.